ಎರಕದ ತರಗತಿಗೆ ಒಂದು ಹೆಸರು

ಬೆಳಗಾವಿ
೩೦ ಫೆಬ್ರವರಿ ೨೧೩೧

ಮುತ್ತಜ್ಜಿ ಪ್ರಜ್ವಲಾಗೆ,

ತಾರೀಕು ನೋಡಿ ನಗಬೇಡ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದನ್ನು ವರ್ಷದ ಕೊನೆಗೆ ಕೂಡಿಹಾಕಿದ್ದಾರೆ, ಆಗ ಯಾರೂ ಕೆಲಸಕ್ಕೆ ಹೋಗುವುದಿಲ್ಲ. ನನ್ನ ಕೆಲವು ಮಾತುಗಳು ನಿನಗೆ ವಿಚಿತ್ರವೆನಿಸಬಹುದು, ಕ್ಷಮಿಸು. ನಾನು ಇರಾವತಿ, ನಿನ್ನ ಮಗಳ ಮಗಳ ಮಗಳು. ನನಗೆ ನಲವತ್ತಾರು, ಈ ಕಾಗದ ಓದುವಾಗ ನಿನಗೆ ಹದಿನೆಂಟು. ನನ್ನ ಮಗಳಿಗಿಂತ ಚಿಕ್ಕವಳನ್ನು ಬಹುವಚನದಲ್ಲಿ ಕರೆಯಲು ನಾಲಿಗೆ ಏಳುತ್ತಿಲ್ಲ, ಅದನ್ನೂ ಹೊಟ್ಟೆಗೆ ಹಾಕಿಕೊ.

ಕಾಲೇಜನ್ನು ಒಮ್ಮೆ ಮುಗಿಸಿ ಕೈ ತೊಳೆದುಕೊಳ್ಳುವ ಭಾಗ್ಯ ನಮಗಿಲ್ಲ. ಒಂಬತ್ತು ವರ್ಷಕ್ಕೊಮ್ಮೆ ಎಲ್ಲರೂ ಮತ್ತೆ ಸೇರಬೇಕು. ಇದಕ್ಕೆ ಮರುಪಾಠ ಎನ್ನುತ್ತೇವೆ. ಒಂದೇ ಬೆಂಚಿನ ಮೇಲೆ ಅಜ್ಜ, ಮೊಮ್ಮಗಳು ಕೂತು ಒಬ್ಬರದನ್ನೊಬ್ಬರು ನೋಡಿ ಬರೆಯುವುದು ಇಲ್ಲಿ ಮಾಮೂಲು. ಯಾವ ವಿಷಯ ಓದಬೇಕೆಂದು ಹೇಳುವುದು ಮುಂಗಾಣಿ. ಯಾವ ಕಸುಬು ಉಳಿಯುತ್ತದೆ, ಯಾವುದು ಹೋಗುತ್ತದೆ ಎಂದು ಎಣಿಸುವ ಯಂತ್ರ ಅದು. ಪ್ರತಿಯೊಬ್ಬರಿಗೂ ಮೂರು ವಿಷಯಗಳ ಪಟ್ಟಿ ಕೊಡುತ್ತದೆ. ಪಟ್ಟಿಗೆ ಸಹಿ ಹಾಕಿದರೆ ಆಸರೆ ಸಿಗುತ್ತದೆ, ಅಂದರೆ ಒಂಬತ್ತು ವರ್ಷ ಕೆಲಸ ಖಾತ್ರಿ. ಹಾಕದವರ ಪಾಡು ಅವರದು.

ಕಸುಬು ತೀರಿದಾಗ ನಮ್ಮಲ್ಲೊಂದು ಪದ್ಧತಿ ಇದೆ. ನೆರೆಹೊರೆಯವರು ಬುತ್ತಿ ಕಟ್ಟಿಕೊಂಡು ಬರುತ್ತಾರೆ. ಕೆಲಸದ ಸಲಕರಣೆಯನ್ನು ಹೊಸ್ತಿಲ ಮೇಲೆ ಇಡಬೇಕು, ಓಣಿಯ ಹಿರಿಯರು ಅದನ್ನು ಒಯ್ಯುತ್ತಾರೆ, ಆಮೇಲೆ ಆ ಕಸುಬಿನ ಹೆಸರನ್ನು ಮನೆಯಲ್ಲಿ ಎತ್ತುವಂತಿಲ್ಲ. ಹದಿನೆಂಟು ವರ್ಷ ಬಸ್ ನಿಲ್ದಾಣದಲ್ಲಿ ಸೀಟಿ ಊದಿ ಬಸ್ಸು ಬಿಡಿಸಿದವಳು ನಾನು. ಕಳೆದ ತಿಂಗಳು ನನ್ನ ಸರದಿ ಬಂತು. ಅವರು ತಂದ ಕಡಕ್ ರೊಟ್ಟಿ, ಶೇಂಗಾ ಚಟ್ನಿ ತಿಂದೆ, ಎಲ್ಲರಿಗೂ ಚಹಾ ಮಾಡಿಕೊಟ್ಟೆ, ಸೀಟಿ ಮಾತ್ರ ಕೊಡಲಿಲ್ಲ. ಈಗಲೂ ಕೊರಳಲ್ಲಿದೆ. ಅಂದಿನಿಂದ ಓಣಿಯ ಹೆಂಗಸರು ನನ್ನನ್ನು ಕಂಡರೆ ದಾರಿ ಬದಲಿಸುತ್ತಾರೆ.

ಮುಂಗಾಣಿ ನನಗೆ ಕೊಟ್ಟ ಪಟ್ಟಿ ಕೇಳು: ವೃದ್ಧರೊಡನೆ ಹರಟೆ, ನಿದ್ರಾಗೃಹದ ಉಸ್ತುವಾರಿ, ಯಂತ್ರಗಳಿಗೆ ಮರ್ಯಾದೆ ಕಲಿಸುವುದು. ಮೂರನೆಯದಕ್ಕೆ ನಾನು ತಕ್ಕವಳೆಂದು ಅದಕ್ಕೆ ಯಾರು ಹೇಳಿದರೋ! ನನಗೆ ಬೇಕಿರುವುದು ಎರಕ. ಕಬ್ಬಿಣ ಕರಗಿಸಿ ಮರಳಿನ ಅಚ್ಚಿಗೆ ಹೊಯ್ಯುವ ವಿದ್ಯೆ. ಕಳೆದ ಬೇಸಿಗೆಯಲ್ಲಿ ನಮ್ಮ ಊರಿನ ನೀರಿನ ಪಂಪಿನ ಚಕ್ರ ಸೀಳಿಹೋಯಿತು. ಒಂದು ಕಾಲಕ್ಕೆ ದೇಶಕ್ಕೆಲ್ಲ ಎರಕ ಹೊಯ್ದು ಕಳಿಸಿದ ಬೆಳಗಾವಿಯಲ್ಲಿ ಆ ಚಕ್ರ ಮಾಡುವವರು ಒಬ್ಬರೂ ಇರಲಿಲ್ಲ. ಹೊರದೇಶದಿಂದ ಬರುವ ತನಕ ನಲವತ್ತು ದಿನ ಕೊಡ ಹಿಡಿದು ಸಾಲಿನಲ್ಲಿ ನಿಂತೆವು. ಇಷ್ಟಾದರೂ ಮುಂಗಾಣಿ ಎರಕವನ್ನು ಸಾಯುವ ಕಸುಬು ಎಂದೇ ತೋರಿಸುತ್ತಿದೆ. ಯಾಕೆ ಎಂದು ಕಚೇರಿಗೆ ಹೋಗಿ ಕೇಳಿದೆ. ಇಪ್ಪತ್ತು ವರ್ಷದಿಂದ ಆ ವಿಷಯಕ್ಕೆ ಯಾರೂ ಹೆಸರು ಕೊಟ್ಟಿಲ್ಲವಲ್ಲ, ಅದಕ್ಕೇ ಎಂದರು. ಯಾಕೆ ಕೊಟ್ಟಿಲ್ಲ? ಪಟ್ಟಿಯಲ್ಲಿ ಇರಲಿಲ್ಲವಲ್ಲ, ಅದಕ್ಕೇ. ಇಂಥ ಲೆಕ್ಕಕ್ಕೆ ತಲೆಬಾಗಿ ಒಂದಿಡೀ ಊರು ಬಾಳುತ್ತಿದೆ, ನನ್ನ ರಕ್ತ ಕುದಿಯುತ್ತದೆ.

ಎರಕ ಬಲ್ಲವರು ಈಗ ಉಳಿದಿರುವುದು ಒಬ್ಬರೇ, ದಸ್ತಗೀರ ಮೇಸ್ತ್ರಿ. ವಯಸ್ಸು ಎಪ್ಪತ್ತೆಂಟು; ಕಲಿಸಬಲ್ಲರು, ಒಬ್ಬರೇ ನಿಂತು ಚಕ್ರ ಹೊಯ್ಯುವ ಶಕ್ತಿ ಈಗಿಲ್ಲ. ಪ್ರತಿ ವರ್ಷ ಪ್ರವೇಶದ ವಾರದಲ್ಲಿ ಕಾಲೇಜಿಗೆ ಬಂದು, ಖಾಲಿ ಶೆಡ್ಡು ಗುಡಿಸಿ, ಮರಳು ಜರಡಿ ಹಿಡಿದು ಕಾಯುತ್ತಾರೆ. ಒಬ್ಬರು ಹೆಸರು ಕೊಟ್ಟರೂ ತರಗತಿ ತೆರೆಯಲೇಬೇಕು. ಈ ವರ್ಷವೂ ಯಾರೂ ಬರದಿದ್ದರೆ ವಿಷಯವನ್ನೇ ಶಾಶ್ವತವಾಗಿ ತೆಗೆದುಹಾಕುತ್ತಾರೆ. ನಾಳೆ ಕಡೆಯ ದಿನ. ನಾನು ಹೆಸರು ಕೊಟ್ಟರೆ ನನ್ನ ಆಸರೆ ಹೋಗುತ್ತದೆ. ಮಗಳು ಮಂದಾರ ನಿನ್ನೆ ಅತ್ತಳು. "ಅವ್ವಾ, ಪಟ್ಟಿ ಬಿಟ್ಟು ಹೋದವ್ರು ಯಾರರ ಉದ್ಧಾರ ಆಗ್ಯಾರೇನ? ಈ ವಯಸ್ಸಿನ್ಯಾಗ ನಿನಗ ಬೆಂಕಿ ಮುಂದ ನಿಲ್ಲೂದು ಯಾಕ ಬೇಕಾಗೇತಿ?" ಎಂದಳು. ಅವಳ ಹೆದರಿಕೆ ಸುಳ್ಳಲ್ಲ. ನನಗೂ ಹೆದರಿಕೆಯಿದೆ.

ಅದೇ ಹೆದರಿಕೆಯಲ್ಲಿ ನಿನ್ನ ಟ್ರಂಕು ತೆಗೆದೆ. ತಳದಲ್ಲಿ ನಿನ್ನ ಕಾಲೇಜಿನ ಪ್ರವೇಶ ಅರ್ಜಿ ಸಿಕ್ಕಿತು. ಮೊದಲ ಆಯ್ಕೆ ಎಂಬಲ್ಲಿ ಬ್ಯಾಂಕಿಂಗ್ ಎಂದಿದೆ. ಅದರ ಮೇಲೆ, ನೀಲಿ ಶಾಯಿಯ ಒಂದು ತೆಳು ಗೆರೆ ಎಳೆದು ಹೊಡೆದುಹಾಕಿದ, ನಿನ್ನ ದುಂಡು ಅಕ್ಷರದ ಇನ್ನೊಂದು ಮಾತು: ಎರಕ. ಉದ್ಯಮಬಾಗದ ಫೌಂಡ್ರಿಯಲ್ಲಿ ಕಬ್ಬಿಣ ಹೊಯ್ಯುತ್ತಿದ್ದ ನಿನ್ನ ಅಪ್ಪನ ಕೆಲಸವನ್ನು ನೀನೂ ಕಲಿಯಬೇಕೆಂದಿದ್ದೆ, ಫೌಂಡ್ರಿಗೆ ಭವಿಷ್ಯವಿಲ್ಲ, ಬ್ಯಾಂಕು ಭದ್ರ ಎಂದು ಎಲ್ಲರೂ ಸೇರಿ ಬಿಡಿಸಿದರು ಎಂದು ನನ್ನಜ್ಜಿ ಹೇಳುತ್ತಿದ್ದಳು. ಆ ಭದ್ರತೆಯ ಕಥೆ ಕೇಳು. ನಿನ್ನ ಮಗಳು ಶಾಲೆಗೆ ಸೇರುವ ಮೊದಲೇ ಬ್ಯಾಂಕಿನ ಕೌಂಟರುಗಳೆಲ್ಲ ಮುಚ್ಚಿದವು. ಆಮೇಲೆ ನೀನು ಇನ್ನೂ ಮೂರು ಕಸುಬು ಕಲಿತೆ, ಮೂರರಲ್ಲೂ ಸೈ ಎನಿಸಿಕೊಂಡೆ. ಯಾವುದನ್ನೂ ಯಾರ ಪಟ್ಟಿಯೂ ನಿನಗೆ ಮೊದಲೇ ಹೇಳಿರಲಿಲ್ಲ. ಹೊಸದು ಕಲಿಯುವ ಕಸುವು ಇದ್ದವಳು ಇಷ್ಟವಾದದ್ದನ್ನೇ ಮೊದಲು ಕಲಿತಿದ್ದರೆ ಏನು ಮುಳುಗಿಹೋಗುತ್ತಿತ್ತು ಎಂದು ರಾತ್ರಿಯಿಂದ ನಿನ್ನ ಕಾಲದವರ ಮೇಲೆಲ್ಲ ಸಿಟ್ಟು ಮಾಡಿಕೊಂಡು ಕೂತಿದ್ದೇನೆ.

ಅರ್ಜಿಯ ಅಂಚಿನಲ್ಲಿ ಕಾಲೇಜಿನ ಕಚೇರಿಯವರು ಕೆಂಪು ಶಾಯಿಯಲ್ಲಿ ಬರೆದ ಟಿಪ್ಪಣಿ ಇದೆ: "ಹೊಡೆದುಹಾಕಿದ್ದನ್ನು ಪೂರ್ತಿ ಕಾಣದಂತೆ ಅಳಿಸಿ ತರುವುದು." ನೀನು ಅಳಿಸಲಿಲ್ಲ. ಬೇರೆ ಅರ್ಜಿ ತುಂಬಿಕೊಟ್ಟು ಇದನ್ನು ಮನೆಗೆ ತಂದೆ. ಮೂರು ತಲೆಮಾರಿನ ಹೆಂಗಸರು ಇದನ್ನು ಬಿಸಾಡದೆ ಇಟ್ಟರು.

ನಾಳೆ ಬೆಳಿಗ್ಗೆ ಕಚೇರಿಯ ಬಾಗಿಲು ತೆಗೆಯುವ ಮೊದಲೇ ಅಲ್ಲಿರುತ್ತೇನೆ, ಕೊರಳಲ್ಲಿ ಸೀಟಿಯೊಂದಿಗೆ. ಮುಂಗಾಣಿಯ ಪಟ್ಟಿಯ ಮೂರೂ ವಿಷಯ ಹೊಡೆದು, ನೀನು ಬರೆದಿದ್ದ ಆ ಒಂದು ಮಾತನ್ನು ಬರೆಯುತ್ತೇನೆ. ಆಸರೆ ಹೋದರೆ ಹೋಗಲಿ. ಮುಂದಿನ ಸಲ ಎಣಿಸುವಾಗ ಆ ಯಂತ್ರ ನನ್ನ ಒಂದು ಹೆಸರನ್ನಾದರೂ ಎಣಿಸಲೇಬೇಕು.

ನಿನಗೆ ಬುದ್ಧಿ ಹೇಳುವ ಹಕ್ಕು ನನಗಿಲ್ಲ. ಈಗ ನೀನು ಪೆನ್ನು ಹಿಡಿದು ಕೂತಿರುತ್ತೀಯ, ಸುತ್ತಲೂ ದೊಡ್ಡವರು ನಿಂತಿರುತ್ತಾರೆ. ಹೊಡೆದುಹಾಕದೆ ವಿಧಿಯಿಲ್ಲ ಎಂದಾದರೆ ಹೊಡೆ. ಆದರೆ ಒಂದೇ ಗೆರೆ ಎಳೆ, ತೆಳ್ಳಗೆ. ಯಾರು ಎಷ್ಟು ಗದರಿದರೂ ಅಳಿಸಬೇಡ. ನಾನು ಅದನ್ನು ಓದಬೇಕು.

ನಿನ್ನ ಮರಿಮಗಳು,
ಇರಾವತಿ