ಶುಕ್ರವಾರ ಮಾತ್ರ ಕಾರ್ಡು

ಶಾಲೆಯ ಸ್ಟಾಫ್ ರೂಮ್,
ಗುರುವಾರ, ಊಟದ ಬಿಡುವು

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮೊಣಕಾಲು ನೋವು ಇಳಿಯಿತೇ? ಹಡಗಿನ ಅಡುಗೆಮನೆಯಲ್ಲಿ ಇಡೀ ದಿನ ನಿಂತೇ ಇರಬೇಕು ಎಂದು ನೀನು ಬರೆದಿದ್ದೆ. ಅಷ್ಟು ಜನರಿಗೆ ಬೇಯಿಸಿ ಹಾಕಿ, ನಿನ್ನ ತಟ್ಟೆ ಮಾತ್ರ ತಣ್ಣಗಾಗಲು ಬಿಡುತ್ತೀಯೆಂದು ನನಗೆ ಗೊತ್ತು. ತಂಗಿಯ ಕೈಲಿ ಬೈಸಿಕೊಳ್ಳಬೇಡ, ಹೊತ್ತಿಗೆ ಸರಿಯಾಗಿ ಉಣ್ಣು. ಇಲ್ಲಿ ನಾವಿಬ್ಬರೂ ಸೌಖ್ಯ. ನಿನ್ನ ಪುಟ್ಟಿ ಮುಂದಿನ ಒಂದು ಹಲ್ಲು ಉದುರಿಸಿಕೊಂಡಿದ್ದಾಳೆ, ನನ್ನ ಬಾಚಣಿಗೆಗಳನ್ನೆಲ್ಲ ಎಲ್ಲೋ ಕಳೆದು ಹಾಕಿದ್ದಾಳೆ. ಮನೆಯಲ್ಲಿ ಕಾಗದ ಬರೆಯಲು ಕೂತರೆ ಹೆಗಲ ಮೇಲಿಂದ ಇಣುಕಿ ಓದುತ್ತಾಳೆ. ಅದಕ್ಕೇ ಇಲ್ಲಿ, ಇನ್ನೂ ತಿದ್ದದ ಪುಸ್ತಕಗಳ ರಾಶಿಯ ಹಿಂದೆ ಅಡಗಿಕೊಂಡು ಬರೆಯುತ್ತಿದ್ದೇನೆ. ಎದುರು ಮೇಜಿನಲ್ಲಿ ನಮ್ಮ ಮುಖ್ಯೋಪಾಧ್ಯಾಯಿನಿ ದೊಡ್ಡ ಮೇಡಂ, ನಾಳೆ ಬರುವ ಅತಿಥಿಗಳು ಎಲ್ಲೆಲ್ಲಿ ಕೂರಬೇಕು ಎಂದು ಲೆಕ್ಕ ಹಾಕುತ್ತಿದ್ದಾರೆ.

ನನ್ನ ಸೇತುವೆ ಪಾಠದ ಬಗ್ಗೆ ಹಿಂದೆ ಬರೆದಿದ್ದೆ. ನೀನು ಅರ್ಧಕ್ಕೇ ಆಕಳಿಸಿರುತ್ತೀಯ, ಮತ್ತೆ ಹೇಳುತ್ತೇನೆ. ಒಂದು ಕಾಗದ ಯಾಕೆ ಭಾರ ಹೊರುವುದಿಲ್ಲ, ಅದೇ ಕಾಗದವನ್ನು ಮಡಿಸಿದರೆ ಯಾಕೆ ಹೊರುತ್ತದೆ ಎನ್ನುವುದೇ ಪಾಠ. ಅದನ್ನು ಓದಿ ತಿಳಿಯಬಹುದು, ನಾನು ಧ್ವನಿಮುದ್ರಿಸಿಟ್ಟದ್ದನ್ನು ಕೇಳಬಹುದು, ಬೆರಳಿನಿಂದ ಮಡಿಕೆ ಮುಟ್ಟಿ ನೋಡಬಹುದು. ತಿಳಿದದ್ದನ್ನು ಬಾಯಲ್ಲಿ ಹೇಳಬಹುದು, ಬರೆಯಬಹುದು, ಕಟ್ಟಿ ತೋರಿಸಬಹುದು, ಚಿತ್ರದ ಕಾರ್ಡು ಎತ್ತಬಹುದು. ಕಣ್ಣು ಮಂಜಾದ ಹುಡುಗನಿಗೆ ಒಂದು ಪಾಠ, ಒಂದು ಕಡೆ ಕೂರಲಾಗದ ನಮ್ಮ ‘ಬುಗುರಿ’ಗೆ ಇನ್ನೊಂದು ಪಾಠ ಎಂದು ಬೇರೆ ಮಾಡುವುದಲ್ಲ. ಇದ್ದ ಒಂದೇ ಪಾಠಕ್ಕೆ ಮೊದಲೇ ನಾಲ್ಕಾರು ಬಾಗಿಲು ಇಡುವುದು, ಯಾರು ಯಾವ ಬಾಗಿಲಿಂದಾದರೂ ಬರಲಿ ಎನ್ನುವುದು. ಅಜ್ಜಿ ಬೀಳಬಾರದೆಂದು ಮೆಟ್ಟಿಲಿಗೆ ಅಪ್ಪ ಕಂಬಿ ಹಾಕಿಸಿದಾಗ ಅದನ್ನು ಹಿಡಿದು ಎಲ್ಲರಿಗಿಂತ ಹೆಚ್ಚು ಜಾರಿ ಆಡಿದವಳು ನೀನೇ ಅಲ್ಲವೇ, ಅಂಥದ್ದೇ.

ಪಾಠ ಚೆನ್ನಾಗಿ ಬಂತು, ಅದೇ ತಪ್ಪಾಯಿತು ನೋಡು. ಶಿಕ್ಷಕರ ತರಬೇತಿ ಕೇಂದ್ರದವರು ಬಂದು ವಿಡಿಯೋ ಮಾಡಿಕೊಂಡು ಹೋದರು. ನೀನು ಹೋದಂದಿನಿಂದ ತುಟಿ ಬಿಚ್ಚದ ಪುಟ್ಟಿ, ನನ್ನದೇ ತರಗತಿಯಲ್ಲಿ ಕೂತು ಮಡಿಸಿದ ಸೇತುವೆಯ ಕಾರ್ಡು ಎತ್ತಿ ಹಿಡಿದದ್ದೇ ಅದರ ಮುಖ್ಯ ದೃಶ್ಯ. ಅದನ್ನು ನೋಡಿ ಬೇರೆ ಬೇರೆ ಶಾಲೆಗಳಿಂದ ಜನ ಬರತೊಡಗಿದರು. ಬಂದವರಿಗೆಲ್ಲ ಅದೇ ಪಾಠ, ಅದೇ ಸೇತುವೆ. ಮಕ್ಕಳಿಗೆ ಬಾಯಿಪಾಠ ಆಗಿದೆ. ಯಾವ ಬಾಗಿಲಾದರೂ ಸರಿ ಎಂದಿದ್ದೆನಲ್ಲ, ಈಗ ಒಂದೊಂದು ಬಾಗಿಲಿಗೂ ಒಂದೊಂದು ಮಗುವನ್ನು ನಿಲ್ಲಿಸಿಬಿಟ್ಟಿದ್ದೇವೆ. ಬುಗುರಿ ಮೊನ್ನೆ ಶಾಂತವಾಗಿ ಕೂತು ಬರೆಯುತ್ತಿದ್ದರೆ, “ನೀನು ಎದ್ದು ಓಡಾಡೋ ಮಗು ಕಣೋ, ಎದ್ದೇಳು” ಎಂದು ದೊಡ್ಡ ಮೇಡಂ ಎಬ್ಬಿಸಿದರು. ಜೀವಮಾನದಲ್ಲಿ ಮೊದಲ ಸಲ, ಕೂತದ್ದಕ್ಕೆ ಬೈಸಿಕೊಂಡ ಪಾಪ. ನಗು ಬಂತು, ಆಮೇಲೆ ಅವನು ಅರ್ಧ ಬರೆದ ಪುಸ್ತಕವನ್ನು ಮುಚ್ಚಿ ಎತ್ತಿಟ್ಟೆ.

ಈಗ ನಿಜವಾದ ಸುದ್ದಿ. ಅಳಬೇಡ, ಸಾರಿಗೆ ಕಣ್ಣೀರು ಬಿದ್ದರೆ ಹಡಗಿನವರು ಉಪ್ಪು ಜಾಸ್ತಿ ಎಂದಾರು. ಹೋದ ವಾರ ಅತಿಥಿಗಳಿಲ್ಲದ ಒಂದು ದಿನ ಬುಗುರಿ ಕಟ್ಟಿದ ಸೇತುವೆ ಕುಸಿಯಿತು. ಪಕ್ಕದಲ್ಲಿದ್ದ ಪುಟ್ಟಿ “ಇನ್ನೊಂದು ಮಡಿಕೆ ಹಾಕು” ಎಂದಳು. ಹೌದಕ್ಕಾ, ಬಾಯಿಬಿಟ್ಟು ಹೇಳಿದಳು. ನಾನು ಬೋರ್ಡಿನ ಕಡೆ ತಿರುಗಿ ಏನೇನೋ ಗೀಚುತ್ತಾ ನಿಂತೆ, ಎಲ್ಲರೂ ಅವಳನ್ನೇ ನೋಡಿದರೆ ಮತ್ತೆ ಬಾಯಿ ಮುಚ್ಚಿಕೊಂಡುಬಿಟ್ಟಾಳು ಎಂಬ ಭಯ. ಬುಗುರಿ ಬಿಡಬೇಕಲ್ಲ, “ಮಿಸ್, ಪುಟ್ಟಿಗೆ ಮಾತು ಬರುತ್ತೆ!” ಎಂದು ಕೂಗಿದ. ಅವಳು ನಕ್ಕಳು. ಆಮೇಲೆ ಮನೆಯಲ್ಲೂ ಒಂದೊಂದು ಮಾತು ಬಂತು, ನೀರು ಬೇಕು, ಸಾಕು, ಅದು ನನ್ನದು. ಆ ‘ಅದು ನನ್ನದು’ ಕೇಳಿದಾಗ ನನಗಾದ ಸಂತೋಷ ಯಾರಿಗೆ ಹೇಳಲಿ!

ಹೇಳಬಾರದವರಿಗೆ ಹೇಳಿದೆ. ಸಂಭ್ರಮ ತಡೆಯಲಾರದೆ ದೊಡ್ಡ ಮೇಡಂ ಹತ್ತಿರ ಓಡಿದೆ. ಅವರಿಗೂ ಕಣ್ಣು ತುಂಬಿತು, ಸುಳ್ಳು ಹೇಳಬಾರದು. ಕಣ್ಣೊರೆಸಿಕೊಂಡು, “ತುಂಬಾ ಒಳ್ಳೇದಾಯ್ತು ಕಣ್ರೀ. ಆದ್ರೆ ಶುಕ್ರವಾರ ಮಾತ್ರ ಕಾರ್ಡೇ ಇರ್ಲಿ. ವಿಡಿಯೋದಲ್ಲಿ ಮಾತಾಡದ ಮಗು ಇಲ್ಲಿ ಪಟಪಟ ಅಂದ್ರೆ ಎಲ್ಲಾ ನಾಟಕ ಅನ್ಕೋತಾರೆ” ಎಂದರು. ನಾಳೆ ಬರುವವರು ಸಾಮಾನ್ಯರಲ್ಲ. ಮಂಜುಗಣ್ಣಿನ ಹುಡುಗನ ಪಕ್ಕ ಕೂತು ಓದಿ ಹೇಳುವ ಸಹಾಯಕಿಯನ್ನು ಮುಂದಿನ ವರ್ಷವೂ ಉಳಿಸುವುದೋ ಬಿಡುವುದೋ ಅವರ ಕೈಯಲ್ಲಿದೆ. ಅವಳು ಹೋದರೆ ಆ ಹುಡುಗ ಮತ್ತೆ ಹಿಂದಿನ ಬೆಂಚಿಗೆ, ಕಿಟಕಿಯ ಪಕ್ಕಕ್ಕೆ. ಅವನಮ್ಮ ದಿನಾ ಗೇಟಿನ ಹತ್ತಿರ ನನ್ನ ಕೈ ಹಿಡಿದುಕೊಂಡು ನಿಲ್ಲುತ್ತಾಳೆ. ಪುಟ್ಟಿಯ ಪರ ವಾದಿಸಿದರೆ, ಅಕ್ಕನ ಮಗಳಿಗಾಗಿ ಉಳಿದವರನ್ನು ಬಲಿ ಕೊಟ್ಟಳು ಎಂಬ ಮಾತು ಬೇರೆ ಸಿದ್ಧವಾಗಿದೆ. ಬಿಸಿತುಪ್ಪ ಅಕ್ಕಾ, ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ. ಹೂಂ ಎಂದು ಬಂದೆ. ಮನೆಗೆ ಹೋಗಿ ಪುಟ್ಟಿಗೂ ಹೇಳಿದೆ, ಒಂದೇ ದಿನ ಕಂದಾ, ಶುಕ್ರವಾರ ಮಾತ್ರ ಕಾರ್ಡು. ಜಾಣೆ, ತಲೆಯಾಡಿಸಿದಳು. ಅಂದಿನಿಂದ ಮನೆಯಲ್ಲೂ ಮಾತಿಲ್ಲ.

ಬಾಗಿಲು ತೆರೆಯಬೇಕೆಂದು ಪಾಠ ಕಟ್ಟಿದವಳು ನಾನು, ಈಗ ಅದರೊಳಗೇ ಸಿಕ್ಕಿಕೊಂಡು ಕೂತಿದ್ದೇನೆ. ಕೋಪ ಯಾರ ಮೇಲೆ ಮಾಡಿಕೊಳ್ಳಲಿ? ದೊಡ್ಡ ಮೇಡಂ ಕೆಟ್ಟವರಲ್ಲ, ಬರುವವರೂ ಒಳ್ಳೆಯದನ್ನೇ ನೋಡಲು ಬರುತ್ತಿದ್ದಾರೆ. ಕೆಟ್ಟವರೊಬ್ಬರಿದ್ದಿದ್ದರೆ ಎಷ್ಟೋ ಸುಲಭವಾಗುತ್ತಿತ್ತು.

ಬಿಡುವು ಮುಗಿಯುತ್ತಾ ಬಂತು. ಮುಂದಿನ ಬಂದರಿನಲ್ಲಿ ಈ ಕಾಗದ ನಿನ್ನ ಕೈಸೇರುತ್ತದೆ. ಬೆಚ್ಚಗಿರು, ಕಾಲಿಗೆ ಎಣ್ಣೆ ಹಚ್ಚಿಕೋ, ನಿನ್ನ ಜೊತೆಯ ಅಡುಗೆಯವರಿಗೆಲ್ಲ ನನ್ನ ನಮಸ್ಕಾರ ಹೇಳು. ಪುಟ್ಟಿಯದು ನಿನಗೆ ಒಂದು ಗಟ್ಟಿ ಅಪ್ಪುಗೆ.

ನಿನ್ನ ತಂಗಿ

ಇನ್ನೊಂದು ಮಾತು: ಕವರು ಅಂಟಿಸುವಷ್ಟರಲ್ಲಿ ಪುಟ್ಟಿ ಇಲ್ಲಿಗೇ ಬಂದಳು. ಸುತ್ತ ನೋಡಿ, ನನ್ನ ಕಿವಿಗೆ ಬಾಯಿಟ್ಟು, “ಚಿಕ್ಕಮ್ಮಾ, ಅಮ್ಮ ವಿಡಿಯೋ ಕಾಲ್ ಮಾಡಿದಾಗ್ಲೂ ಕಾರ್ಡೇ ತೋರಿಸ್ಬೇಕಾ?” ಎಂದು ಕೇಳಿದಳು. ಬೇಡ ಎಂದೆ. ಫೋನಿನಲ್ಲೂ ಬೇಡ, ನಾಳೆಯೂ ಬೇಡ, ನಿನಗೆ ಹೇಗೆ ಬೇಕೋ ಹಾಗೆ ಎಂದೆ. ಸ್ವಲ್ಪ ಜೋರಾಗಿಯೇ ಹೇಳಿದೆ. ದೊಡ್ಡ ಮೇಡಂ ತಲೆಯೆತ್ತಿ, “ನನ್ನ ಕೋಣೆಗೆ ಬನ್ನಿ” ಎಂದು ಎದ್ದು ಹೋಗಿದ್ದಾರೆ. ಸಹಾಯಕಿಯ ಗತಿ ಏನಾಗುತ್ತದೋ, ಆ ಹುಡುಗನ ತಾಯಿಗೆ ಹೇಗೆ ಮುಖ ತೋರಿಸಲೋ. ನೀನು ಇದನ್ನು ಓದಿದ ಕೂಡಲೇ ಫೋನ್ ಮಾಡು. ಅವಳು ಕಾರ್ಡು ಎತ್ತಿದರೆ ಎತ್ತಲಿ, ಬಾಯಿ ತೆರೆದರೆ ತೆರೆಯಲಿ. ಮಾತಾಡು ಎಂದು ಮಾತ್ರ ನೀನೂ ಹೇಳಬೇಡ ಅಕ್ಕಾ, ಸುಮ್ಮನೆ ಕಾಯುತ್ತಿರು.