ಹೊಸ ಎಣ್ಣೆಯ ಡಬ್ಬ

ರೀ,
ಆಲಿವ್ ಗಾಣಕ್ಕೆ ಸಿಕ್ಕಿ ಜಜ್ಜಿಹೋದ ನಿಮ್ಮ ಬಲಗೈಗೆ ಪರಿಹಾರ ಕೇಳೋಕೆ ಇವತ್ತೇ ಕಡೇ ದಿನ. ನಾನು ಸ್ಫಾಕ್ಸ್ ಕೋರ್ಟಿಗೆ ಹೊರಟೆ. ಚೀಟಿ ನೋಡಿದ ತಕ್ಷಣ ಬನ್ನಿ, ಎಡಗೈ ಹೆಬ್ಬೆಟ್ಟು ಒತ್ತಿದರೂ ನಡೆಯುತ್ತಂತೆ.

"ಸುಗ್ಗಿ ಮುಗೀಲಿ, ನೋಡೋಣ" ಅಂತ ಗಾಣದ ಧಣಿ ಹಾಜಿ ಮುಖ್ತಾರ್ ಹೊಸ ಎಣ್ಣೆಯ ಡಬ್ಬ ಕಳಿಸಿದರು. "ಧಣಿ ಎಣ್ಣೆ ತಿಂದು ಧಣಿ ಮೇಲೇ ದಾವೆ ಹಾಕ್ಲಾ?" ಅಂತ ನೀವು ಸುಮ್ಮನಾದಿರಿ.

ಆ ಎಣ್ಣೆ ರುಚಿ ನಾನೂ ಮರೆತಿಲ್ಲ. ಮದುವೆಯಾದ ವರ್ಷ ಗಾಣದ ಬಾಗಿಲಲ್ಲೇ ಬಿಸಿ ರೊಟ್ಟಿ ಅದ್ದಿ ನನ್ನ ಬಾಯಿಗಿಟ್ಟಿರಿ. ಮೊಣಕೈವರೆಗೂ ಹಸಿರೆಣ್ಣೆ ಸೋರುತ್ತಿತ್ತು, ನೀವು ನಗುತ್ತಲೇ ಇದ್ದಿರಿ.

ರೊಟ್ಟಿ ಮುಚ್ಚಿಟ್ಟಿದ್ದೇನೆ, ತಿಂದೇ ಬನ್ನಿ. ಎಣ್ಣೆ ಹುಡುಕಬೇಡಿ. ಡಬ್ಬವನ್ನು ಹಾಜಿಯವರ ಮನೆಗೇ ವಾಪಸ್ ಕಳಿಸಿದೆ. ನನಗೆ ತುತ್ತಿಟ್ಟ ಕೈ ಅಷ್ಟು ಅಗ್ಗ ಅಲ್ಲ.

ಸಲೂಹಾ