ರಾಯಭಾರಿಗೆ ತೆರೆಯದ ಬಾಗಿಲು

ಏಪ್ರಿಲ್ ೯, ಬುಧವಾರ

ಇವತ್ತು ನಮ್ಮ ಮೃಗಾಲಯದ ನಿರ್ದೇಶಕ ಓಸ್ಮೋನಿಗೆ ಎಲ್ಲರೆದುರೇ ‘ಆಗಲ್ಲ’ ಎಂದುಬಿಟ್ಟೆ. ಅವನ ಕೆಂಪಾದ ಮುಖ ಇನ್ನೂ ಕಣ್ಣೆದುರಿಗಿದೆ. ಆದರೂ ಹೇಳಿದ್ದು ಸರಿ.

ಹೆಣ್ಣು ಪಾಂಡಾ ಬೆದೆಗೆ ಬರುವುದು ವರ್ಷಕ್ಕೊಮ್ಮೆ, ಒಂದೆರಡು ದಿನ ಮಾತ್ರ. ಚೀನಾದಿಂದ ಬಾಡಿಗೆಗೆ ತಂದ ನಮ್ಮ ಜೋಡಿಯಲ್ಲಿ ಗಂಡನ್ನು ಬೆಳಿಗ್ಗೆ ಹೆಣ್ಣಿನ ಬಳಿ ಬಿಟ್ಟು ಬಾಗಿಲು ಹಾಕಿದ್ದೆ. ಅಷ್ಟರಲ್ಲಿ ಚೀನಾದ ರಾಯಭಾರಿ ಹುವೋ ಅವರನ್ನೂ ಕ್ಯಾಮೆರಾದವರನ್ನೂ ಕರೆದುಕೊಂಡು ಓಸ್ಮೋ ಬಂದ, ಒಳಗೆ ಬಿಡು ಎಂದ. ಆಗಲ್ಲ ಎಂದೆ.

“ವರ್ಷಕ್ಕೆ ಹತ್ತು ಲಕ್ಷ ಯೂರೋ ಬಾಡಿಗೆ ಕಟ್ತಿದೀವಿ ಕಣೇ ಐನೋ. ಪಾಂಡಾ ಕೊಟ್ಟೋರಿಗೇ ಬಾಗಿಲು ಹಾಕ್ತೀಯಾ?”

“ಮರಿ ಬೇಕಾ, ಫೋಟೋ ಬೇಕಾ? ನೀನೇ ಹೇಳು ಓಸ್ಮೋ.”

ರಾಯಭಾರಿ ನಕ್ಕು, ಹೊರಗಿನ ಬೆಂಚಿನ ಹಿಮ ಒರೆಸಿ ಕೂತರು. ಕಾಫಿ, ಏಲಕ್ಕಿ ಬನ್ನು ತಂದುಕೊಟ್ಟೆ. ಒಳಗಿನಿಂದ ಮೇಕೆಯಂಥ ಕೂಗು ಬಂತು.

“ಅದ್ಯಾರಮ್ಮ?” ಎಂದರು.

“ನಿಮ್ಮ ಹುಡುಗನೇ ಸಾರ್. ಮಾತುಕತೆ ಶುರುವಾಗಿದೆ.”

ಸ್ವಲ್ಪ ಹೊತ್ತಿನ ಮೇಲೆ ಕಿಂಡಿಯಲ್ಲಿ ಇಣುಕಿದೆ. ಕೂಡಿದ್ದವು. ಇಲ್ಲಿಗೆ ಬಂದ ಇಷ್ಟು ವರ್ಷಗಳಲ್ಲಿ ಇದೇ ಮೊದಲು. ತಿರುಗಿ ಹೂಂ ಎಂದು ತಲೆಯಾಡಿಸಿದೆ, ಅಷ್ಟೇ. ಯಾರ ಹೆಗಲನ್ನೂ ಮುಟ್ಟದ ಓಸ್ಮೋ ರಾಯಭಾರಿಯನ್ನು ಬಾಚಿ ತಬ್ಬಿಕೊಂಡ. ಕ್ಯಾಮೆರಾದವರಿಗೆ ಸಿಕ್ಕ ಚಿತ್ರ ಅದೊಂದೇ.

ಗರ್ಭ ನಿಂತಿದೆಯೋ ಇಲ್ಲವೋ ಬೇಸಿಗೆಯಲ್ಲಿ ಗೊತ್ತಾಗುತ್ತದೆ. ನಿಂತಿದ್ದರೆ, ಮರಿಯ ಹೆಸರಿಗಾಗಿ ಎರಡು ದೇಶಗಳು ಬೇಕಾದಷ್ಟು ಜಗಳವಾಡಲಿ, ನಾನಂತೂ ಈಗ ದೀಪ ಆರಿಸಿ ಮಲಗುತ್ತೇನೆ.